ಮನೆಯಲ್ಲೊಬ್ಬ ನರ್ಸ್

ಮೋಟೆಬೆನ್ನೂರಿನ ಭುವನಾಳಿಗೆ ನರ್ಸಿಂಗ್ ಸೀಟು ಸಿಗಲಿಲ್ಲ ಎಂಬುದು ಮೊದಲ ವರ್ಷ ಓಣಿಗೆ ಸುದ್ದಿಯಾಗಿತ್ತು, ಎರಡನೆಯ ವರ್ಷ ತಮಾಷೆಯಾಯಿತು. ಮೂರನೆಯ ವರ್ಷ ಅದು ಏನಾಗುತ್ತಿತ್ತೋ ನೋಡುವ ಧೈರ್ಯ ಅವಳಿಗೆ ಉಳಿದಿರಲಿಲ್ಲ. ಮುಂದೆ ನಡೆದದ್ದಕ್ಕೆಲ್ಲ ಮೂಲ ಈ ಹೇಡಿತನವೇ ಎಂದು ನಾವು ಕೂತಲ್ಲೇ ಹೇಳಿಬಿಡಬಹುದು. ಹೇಳುವವರಿಗೇನು, ಓಣಿಯಲ್ಲಿ ತಲೆ ತಗ್ಗಿಸಿ ನಡೆಯಬೇಕಾದವಳು ಅವಳು.

ಅಪ್ಪ ನಾಗಪ್ಪ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ, ದಲಾಲಿ ಅಂಗಡಿಯೊಂದರಲ್ಲಿ ತೂಕ ಮಾಡುವವನು. ಸಂಜೆ ಅವನು ಅಂಗಿ ಕಳಚಿ ಗೂಟಕ್ಕೆ ಹಾಕಿದರೆ ಮನೆಯ ಬೆಕ್ಕು ಕೂಡ ಸೀನಿ ಹೊರಗೆ ಹೋಗುತ್ತಿತ್ತು. ಅವ್ವ ಮುತ್ತವ್ವ ಸುಗ್ಗಿಯಲ್ಲಿ ಅದೇ ಪೇಟೆಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವವಳು. ಅಕ್ಕ ಹೇಮವ್ವನನ್ನು ಕುಮಾರಪಟ್ಟಣದ ಗುಡದಪ್ಪನಿಗೆ ಕೊಟ್ಟಿದ್ದರು. ನಾಗಪ್ಪನ ಮನೆತನದಲ್ಲಿ ಪಿಯುಸಿ ಸೈನ್ಸ್ ದಾಟಿದವಳು ಭುವನಾ ಒಬ್ಬಳೇ. ಅವಳು ಚಿಕ್ಕವಳಿದ್ದಾಗ ಅಪ್ಪ ಆಪರೇಶನ್ ಮಾಡಿಸಿಕೊಂಡು ಹಾವೇರಿಯ ಆಸ್ಪತ್ರೆಯಲ್ಲಿ ಮಲಗಿದ್ದ. ಅಲ್ಲಿ ಬಿಳಿ ಸೀರೆಯ ನರ್ಸೊಬ್ಬಳು ಬಂದು "ಎಲ್ಲಾರೂ ಹೊರಗ ನಡೀರಿ" ಅಂದದ್ದೇ ತಡ, ಊರಲ್ಲಿ ಯಾರ ಮಾತಿಗೂ ಜಗ್ಗದ ದೊಡ್ಡ ಗೌಡರು ಸಹ ಚಪ್ಪಲಿ ಹುಡುಕಿಕೊಂಡು ಹೊರಗೆ ನಡೆದಿದ್ದರು. ಹೆಂಗಸೊಬ್ಬಳು ಮಾತಾಡಿ ಗಂಡಸರು ಕೇಳಿದ್ದನ್ನು ಭುವನಾ ಅಂದೇ ಮೊದಲು ನೋಡಿದ್ದು. ಆಗುವುದಿದ್ದರೆ ಇದೇ ಆಗಬೇಕು ಎಂದು ಅವಳು ಅಲ್ಲಿಯೇ ಗಟ್ಟಿ ಮಾಡಿಕೊಂಡಳು.

ಸರಕಾರಿ ನರ್ಸಿಂಗ್ ಶಾಲೆಯ ಸಂದರ್ಶನಕ್ಕೆ ಮೊದಲ ಸಲ ಹೊರಟಾಗ ಮುತ್ತವ್ವ ಓಣಿಯ ಮುತ್ತೈದೆಯರನ್ನೆಲ್ಲ ಕರೆಸಿ ಮಗಳಿಗೆ ಉಡಿ ತುಂಬಿಸಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಮೇಲೊಂದು ಕುಬುಸದ ಖಣ. ಮದುವೆಯಾಗದ ಹುಡುಗಿಗೆ ಯಾವ ಲೆಕ್ಕದ ಉಡಿಯೆಂದು ಒಬ್ಬಳು ಮುದುಕಿ ಕೇಳಿದಳು. "ನನ್ನ ಮಗಳು ಸರಕಾರಕ್ಕ ಹೊಂಟಾಳ" ಎಂದು ಮುತ್ತವ್ವ ಅವಳ ಬಾಯಿ ಮುಚ್ಚಿಸಿದಳು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಅಂದರೆ ಇದೇ. ಹುಬ್ಬಳ್ಳಿ ಕಡೆಯ ಆ ಶಾಲೆಯಲ್ಲಿ ಭುವನಾಳ ಅಂಕ ಸ್ವಲ್ಪದರಲ್ಲಿ ಕಡಿಮೆ ಬಿತ್ತು. ಅವಳು ತಿರುಗಿ ಬಂದಾಗ ಉಡಿಯ ಅಕ್ಕಿಯ ಅನ್ನವನ್ನು ಮನೆಯವರು ಇನ್ನೂ ಉಂಡು ಮುಗಿಸಿರಲಿಲ್ಲ.

ಮರುವರ್ಷವೂ ಉಡಿ ತುಂಬಿದರು. ಆ ಸಲ ವೇಟಿಂಗ್ ಲಿಸ್ಟಿನಲ್ಲಿ ಹೆಸರು ಬಂತು. ನಾಗಪ್ಪನಿಗೆ ವೇಟಿಂಗ್ ಅಂದರೆ ರೈಲಿನ ಸೀಟಿನ ಹಾಗೆ, ಇಂದಲ್ಲ ನಾಳೆ ಸಿಗುವಂಥದು. ಅವನು ಪೇಟೆಯಲ್ಲಿ ಪೇಡೆ ಹಂಚಿಬಿಟ್ಟ. ದಸರೆಯವರೆಗೆ ಕಾದರೂ ಕರೆ ಬರಲಿಲ್ಲ. ಆಮೇಲೆ ಪಾನ್ ಅಂಗಡಿಯ ಮುಂದೆ ಹಾದುಹೋದರೆ ಸಾಕು, ಯಾವನೋ ಒಬ್ಬ ತೋಳು ಮುಂದೆ ಮಾಡಿ "ನರ್ಸವ್ವಾ, ಜ್ವರಾ ಬಂದಾವ, ಒಂದು ಸೂಜಿ ಮಾಡು" ಅನ್ನುತ್ತಿದ್ದ. ಊರ ಬಾಯಿ ಮುಚ್ಚುವ ಮುಚ್ಚಳ ಯಾವ ಕುಂಬಾರನೂ ಮಾಡಿಲ್ಲ. ಭುವನಾ ಮುಂಬಾಗಿಲಿಂದ ಹೊರಡುವುದನ್ನೇ ಬಿಟ್ಟಳು. ಹಿತ್ತಲ ದಾರಿ ಹಿಡಿದು ಅವ್ವನ ಜೊತೆ ಪೇಟೆಗೆ ಹೋಗಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ತೊಟ್ಟು ಬಿಡಿಸುತ್ತ ಕೂತಳು. ಅಲ್ಲಿ ಅತ್ತರೂ ಯಾರೂ ಕೇಳುತ್ತಿರಲಿಲ್ಲ. ಮೆಣಸಿನಕಾಯಿ ರಾಶಿಯ ಮುಂದೆ ಎಲ್ಲರ ಕಣ್ಣಲ್ಲೂ ನೀರೇ. ದುಡ್ಡು ತೆತ್ತರೆ ಸೀಟು ಕೊಡುವ ಕಾಲೇಜುಗಳು ಬೇಕಾದಷ್ಟಿದ್ದವು, ಆದರೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಮೂರನೆಯ ಸಲ ದಾವಣಗೆರೆ ಕಡೆಯ ಶಾಲೆ. ಬೆಳಗಿನಿಂದ ಬೆಂಚಿನ ಮೇಲೆ ಕೂತು, ಒಬ್ಬೊಬ್ಬರೇ ಒಳಗೆ ಹೋಗಿ ನಗುತ್ತ ಬರುವುದನ್ನು ನೋಡಿ, ಇನ್ನೇನು ಅವಳ ಸರದಿ ಅನ್ನುವಾಗ ಅವಳಿಗಿಂತ ಮುಂಚಿನ ಹುಡುಗಿಗೆ ಕೊನೆಯ ಸೀಟು ಹೋಯಿತು. ಗುಮಾಸ್ತ ಎದ್ದು ನಿಂತು "ಮುಗೀತಮ್ಮ, ಮುಂದಿನ ವರ್ಷ ನೋಡ್ರಿ" ಎಂದು ಊಟಕ್ಕೆ ಹೊರಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಉಡಿಯ ಅಕ್ಕಿಯನ್ನು ಮುತ್ತವ್ವ ಈ ಸಲ ಮಗಳ ಚೀಲದಲ್ಲೇ ಕಟ್ಟಿಕೊಟ್ಟಿದ್ದಳು, ಹಾಸ್ಟೆಲಿನಲ್ಲಿ ಮೊದಲ ಅನ್ನ ಅದರದೇ ಆಗಲಿ ಎಂದು. ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಭುವನಾ ಹಾವೇರಿ ಬಸ್ಸು ಹತ್ತಿದಳು. ರಾಣೆಬೆನ್ನೂರಿನಲ್ಲಿ ಬಸ್ಸು ನಿಂತಾಗ, ಊರು ಇನ್ನೂ ಮುಂದಿದ್ದರೂ ಇಳಿದುಬಿಟ್ಟಳು. ಊರ ಅಗಸಿ ಬಾಗಿಲು ಕಣ್ಣಿಗೆ ಬೀಳುವುದನ್ನು ಇನ್ನೊಂದು ತಾಸು ಮುಂದೆ ಹಾಕಬೇಕಿತ್ತು, ಅಷ್ಟೇ.

ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯ ನರ್ಸಿಂಗ್ ಹೋಮೊಂದರ ಗೋಡೆಗೆ 'ಆಯಾ ಬೇಕಾಗಿದ್ದಾರೆ' ಎಂಬ ಚೀಟಿ ಅಂಟಿಸಿತ್ತು. ಒಳಗೆ ಡಾಕ್ಟರ್ ಜ್ಯೋತ್ಸ್ನಾ ಇವಳನ್ನು ಮೇಲಿಂದ ಕೆಳಗೆ ನೋಡಿದರು. "ಪಿಯುಸಿ ಓದಿ ನೆಲಾ ಒರಸ್ತೀಯೇನು? ಬೆಡ್ ಪ್ಯಾನ್ ತೊಳೀತೀಯೇನು?" ಎಂದು ಕೇಳಿದರು. ಭುವನಾ ಹೂಂ ಅಂದಳು. ಆಮೇಲೆ ಕಾಯಿನ್ ಬೂತಿನಿಂದ ಊರಿನ ಕಿರಾಣಿ ಅಂಗಡಿಗೆ ಫೋನು ಹಚ್ಚಿ ಅಪ್ಪನನ್ನು ಕರೆಸಿದಳು. ನಿಜ ಹೇಳಬೇಕೆಂದೇ ಕರೆಸಿದ್ದಳು. ನಾಗಪ್ಪ ಓಡಿ ಬಂದು, ಏದುಸಿರು ಬಿಡುತ್ತ, "ಆತೇನವ್ವಾ?" ಅಂದ. ಆ ದನಿಗೆ ಇಲ್ಲ ಅನ್ನಲು ಅವಳ ನಾಲಗೆ ಏಳಲಿಲ್ಲ.

"ಹೂಂ" ಅಂದಳು.

ಒಂದು ಹೂಂಗೆ ಎಷ್ಟು ಬಾಲ ಬೆಳೆಯುತ್ತದೆ ನೋಡಿ. ರಾಣೆಬೆನ್ನೂರಿನ ಆಸ್ಪತ್ರೆಯಲ್ಲೇ ಟ್ರೇನಿಂಗು, ಊಟ ವಸತಿ ಅವರದೇ, ಓದುವ ಹುಡುಗಿಯರನ್ನು ನೋಡಲು ಮನೆಯವರು ಬರುವ ಹಾಗಿಲ್ಲ. ಎಲ್ಲವನ್ನೂ ಮನೆಯವರು ನಂಬಿದರು. ಅವಳು ಬಿಳಿ ಕೋಟೊಂದನ್ನು ಹೊಲಿಸಿಕೊಂಡು ಸ್ಟುಡಿಯೋದಲ್ಲಿ ಫೋಟೋ ತೆಗೆಸಿದಳು. ನಾಗಪ್ಪ ಅದಕ್ಕೆ ಕಟ್ಟು ಹಾಕಿಸಿ ಬಸವಣ್ಣನ ಪಟದ ಪಕ್ಕಕ್ಕೆ ತೂಗುಹಾಕಿದ. ಪಾನ್ ಅಂಗಡಿಯವರು ಈಗ ನಿಜವಾಗಿಯೇ ತೋಳು ತೋರಿಸಿ, "ಇಲ್ಲೊಂದು ಗಂಟಾಗೇತಿ, ನೋಡ್ರಿ ನರ್ಸಬಾಯಿ" ಎಂದು ಬಹುವಚನ ಹಚ್ಚಿದರು. ಭಾನುವಾರ ಊರಿಗೆ ಬಂದರೆ ಭುವನಾ ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದಳು, ಮಕ್ಕಳ ಜ್ವರ ನೋಡುತ್ತಿದ್ದಳು. ಗೊತ್ತಿಲ್ಲದ್ದಕ್ಕೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ಒಂದು ಹೇಳುತ್ತಿದ್ದಳು. ಸೋಮವಾರ ರಾಣೆಬೆನ್ನೂರಿನಲ್ಲಿ ಮತ್ತೆ ಫಿನಾಯಿಲು, ಬಕೀಟು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆಂದು ನಗುತ್ತೇವೆ, ಆ ಬೆಕ್ಕಿಗೆ ಎಷ್ಟು ಹೆದರಿಕೆಯಿರುತ್ತದೋ ಯಾರು ಕೇಳಿದ್ದಾರೆ? ಮುಂದಿನ ವರ್ಷ ಯಾರಿಗೂ ಹೇಳದೆ ಅರ್ಜಿ ಹಾಕುವುದು, ಸೀಟು ಸಿಕ್ಕ ದಿನ ಈ ಸುಳ್ಳು ತಾನಾಗಿಯೇ ನಿಜವಾಗಿಬಿಡುತ್ತದೆ ಎಂಬುದು ಅವಳ ಲೆಕ್ಕಾಚಾರ.

ಅಷ್ಟರಲ್ಲಿ ಹೇಮವ್ವ ಬಸುರಾದಳು. ಮದುವೆಯಾಗಿ ಬಹಳ ವರ್ಷಕ್ಕೆ ನಿಂತ ಬಸುರು. ಅವಳ ಅತ್ತೆ ಉಚ್ಚಂಗೆವ್ವನಿಗೆ ಕಾಲು ನೆಲದ ಮೇಲೆ ನಿಲ್ಲದಷ್ಟು ಹಿಗ್ಗು. ಕುಮಾರಪಟ್ಟಣದಲ್ಲಿ ಮನೆಮನೆ ತಿರುಗುವ ಆರೋಗ್ಯ ಸಹಾಯಕಿ ಬಂದಾಗ ಉಚ್ಚಂಗೆವ್ವ ಅವಳನ್ನು ಬಾಗಿಲಿಂದಲೇ ತಿರುಗಿಸಿ ಕಳಿಸಿದಳು. "ನಮ್ಮ ಸೊಸಿ ತಂಗಿನ ನರ್ಸ್ ಅದಾಳವ್ವಾ. ನಮ್ಮ ಮಂದಿ ನಮಗ ಇರಬೇಕಾದರ ನೀ ಯಾಕ ತ್ರಾಸ ತಗೋತಿ?"

ಏಳನೆಯ ತಿಂಗಳ ಕುಬುಸ, ಅಂದರೆ ಸೀಮಂತ, ತವರಲ್ಲೇ ಆಯಿತು. ಇನ್ನು ಹೆರಿಗೆಯವರೆಗೆ ಹೇಮವ್ವ ಮೋಟೆಬೆನ್ನೂರಿನಲ್ಲೇ ಇರುವುದೆಂದು ಮಾತಾಗಿತ್ತು. ಬೀಗರು ಬಂದರು, ಹೋಳಿಗೆ ಬೆಂದವು, ಹಸಿರು ಸೀರೆ ಉಡಿಸಿ ಹೇಮವ್ವನನ್ನು ಮಣೆಯ ಮೇಲೆ ಕೂಡಿಸಿದರು. ಹಸಿರು ಬಳೆ ಇಡಿಸಲು ಬ್ಯಾಡಗಿಯಿಂದ ಮೆಹಬೂಬಿ ಬಂದಿದ್ದಳು. ಹೇಮವ್ವನ ಮದುವೆಗೆ ಬಳೆ ಇಡಿಸಿದವಳೂ ಅವಳೇ. ಅದೇ ಅಳತೆಯ ಬಳೆ ತಂದಿದ್ದಳು. ಒಂದು ಬಳೆ ಅಂಗೈ ದಾಟಲಿಲ್ಲ, ಇನ್ನೊಂದು ಒಡೆದೇ ಹೋಯಿತು. "ಹೇಮವ್ವಾ, ನಿನ್ನ ಕೈ ಯಾಕ ಹಿಂಗ ಬಾತಾವ?" ಎಂದು ಗೊಣಗುತ್ತ ಮೆಹಬೂಬಿ ದೊಡ್ಡ ಅಳತೆಯ ಬಳೆಗಳನ್ನು ಹುಡುಕತೊಡಗಿದಳು. ಕುಬುಸದ ದಿನ ಬಳೆ ಒಡೆದದ್ದು ನೋಡಿ ಹೆಂಗಸರ ಮುಖ ಸಣ್ಣಗಾದವು. ಉಚ್ಚಂಗೆವ್ವ ಸೊಸೆಯ ನಿರಿಗೆ ಸರಿಸಿ ಕಾಲು ನೋಡಿದಳು. ಅವೂ ಬಾತಿದ್ದವು.

"ಭುವನಾ, ಬಾ ಇಲ್ಲೆ. ನೋಡು ನಿಮ್ಮಕ್ಕನ ಕಾಲ. ದವಾಖಾನಿಗೆ ತೋರಸಬೇಕೇನು?"

ಎಲ್ಲರೂ ಭುವನಾಳ ಕಡೆ ತಿರುಗಿದರು. ಅವಳು ಬಗ್ಗಿ ಅಕ್ಕನ ಕಾಲನ್ನು ಬೆರಳಿನಿಂದ ಒತ್ತಿದಳು. ಒತ್ತಿದಲ್ಲಿ ಗುಳಿ ಬಿತ್ತು, ಬೇಗ ತುಂಬಿಕೊಳ್ಳಲಿಲ್ಲ. ಡಾಕ್ಟರ್ ಜ್ಯೋತ್ಸ್ನಾ ಹೀಗೆಯೇ ಒತ್ತುವುದನ್ನು ಅವಳು ನೆಲ ಒರೆಸುತ್ತ ನೋಡಿದ್ದಳು. ಒತ್ತಿದ ಮೇಲೆ ಅವರು ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುತ್ತಿದ್ದರು, ಒಮ್ಮೊಮ್ಮೆ ಬೈಯುತ್ತಿದ್ದರು. ಯಾಕೆ ಬೈಯುತ್ತಿದ್ದರೆಂದು ಇವಳಿಗೆ ಪೂರ್ತಿ ಗೊತ್ತಿರಲಿಲ್ಲ. ತೋರಿಸಬೇಕು ಅನ್ನುವ ಮಾತು ಬಾಯಿಯವರೆಗೆ ಬಂತು.

ಅಷ್ಟರಲ್ಲಿ ಗುಡದಪ್ಪ ಬಾಗಿಲಲ್ಲಿ ನಿಂತು, "ತೋರಸೂದಾದರ ನಾಳೆ ಎಲ್ಲಾರೂ ಕೂಡಿ ರಾಣೆಬೆನ್ನೂರಿಗೇ ಹೋಗೋಣು. ತಂಗಿ ಇರೋ ದವಾಖಾನಿ, ನಮಗ ಪಾಳಿ ಹಚ್ಚೂದೂ ಬ್ಯಾಡ" ಅಂದ.

ಭುವನಾಳ ಕಣ್ಣಮುಂದೆ ಆ ದವಾಖಾನೆಯ ಬಾಗಿಲು ಬಂತು. ಅಪ್ಪ, ಅವ್ವ, ಬೀಗರು ಎಲ್ಲ ಒಳಗೆ ಬರುತ್ತಾರೆ, ಕೌಂಟರಿನ ಅಲ್ಲಾವುದ್ದೀನ "ಏ ಆಯಾ, ಅಲ್ಲೆ ಯಾರೋ ವಾಂತಿ ಮಾಡ್ಯಾರ, ಲಗೂ ಒರಸು" ಎಂದು ಕೂಗುತ್ತಾನೆ.

"ಏನೂ ಬ್ಯಾಡ ಮಾವಾ" ಅಂದಳು. "ಏಳು ತಿಂಗಳಿಗೆ ಎಲ್ಲಾರಿಗೂ ಬಾತಿರ್ತಾವ. ಉಪ್ಪು ಕಮ್ಮಿ ಮಾಡ್ರಿ, ಕಾಲು ಎತ್ತರ ಇಟಗೊಂಡು ಮಲಗಲಿ."

ಮನೆಯೆಲ್ಲ ಉಸಿರು ಬಿಟ್ಟಿತು. ಮೆಹಬೂಬಿಗೆ ದೊಡ್ಡ ಬಳೆಗಳು ಸಿಕ್ಕವು. ಹೆಂಗಸರು ಹಾಡು ಎತ್ತಿದರು, ಉಚ್ಚಂಗೆವ್ವ ಬೀಗತಿಯ ಕೈ ಹಿಡಿದು, "ಮನಿಯಾಗ ಒಬ್ಬಾಕಿ ಕಲತಾಕಿ ಇರಬೇಕ್ರಿ ಮುತ್ತವ್ವಾರ, ಎಷ್ಟು ಧೈರ್ಯ" ಅಂದಳು. ಮುತ್ತವ್ವನ ಮುಖ ಬೆಳಗಿತು. ಆ ಬೆಳಕನ್ನು ನೋಡಲಾಗದೆ ಭುವನಾ ಒಲೆಯ ಮುಂದೆ ಹೋಗಿ ಕೂತಳು.

ಆಮೇಲಿನ ದಿನಗಳಲ್ಲಿ ಅವಳು ನೆಲ ಒರೆಸುವಾಗ ಕಿವಿಯನ್ನೆಲ್ಲ ಡಾಕ್ಟರ ಟೇಬಲ್ಲಿನ ಮೇಲಿಟ್ಟಿದ್ದಳು. ಒಂದು ದಿನ ಗುತ್ತಲ ಕಡೆಯ ಬಸುರಿಯೊಬ್ಬಳು ಬಾತ ಕಾಲಿನಲ್ಲಿ ಬಂದಳು. ಡಾಕ್ಟರು ಅವಳ ಗಂಡನ ಮೇಲೆ ಹರಿಹಾಯ್ದರು. "ತಲಿನೋವು ಬಂದು ಕಣ್ಣು ಮಂಜಾಗೋತನಕಾ ಏನು ಕಾಯತಿದ್ರಿ? ಬಿಪಿ ಏರಿ ಫಿಟ್ಸ್ ಬಂದ್ರ ತಾಯಿನೂ ಇಲ್ಲ ಕೂಸೂ ಇಲ್ಲ." ಭುವನಾಳ ಕೈಯ ಬಟ್ಟೆ ಬಕೀಟಿಗೆ ಬಿತ್ತು. ಈಗ ಅವಳಿಗೆ ಅನುಮಾನ ಉಳಿಯಲಿಲ್ಲ. ಅವತ್ತೇ ಹೋಗಬಹುದಿತ್ತು. ರಾಣೆಬೆನ್ನೂರಿಂದ ಊರಿಗೆ ಬಸ್ಸಿಗೇನೂ ಬರವಿಲ್ಲ. ಭಾನುವಾರ ಹೇಗೂ ಹೋಗುತ್ತೇನಲ್ಲ, ಅಷ್ಟರಲ್ಲಿ ಸುಳ್ಳು ಮುರಿಯದಂತೆ ಏನು ಹೇಳಬೇಕೆಂದು ಯೋಚಿಸಿಕೊಳ್ಳುತ್ತೇನೆ ಎಂದು ಕಾದಳು. ಇದನ್ನು ಬರೆಯುವಾಗಲೂ ನನಗೆ ಅವಳ ಮೇಲೆ ಸಿಟ್ಟು ಬರುತ್ತದೆ.

ಭಾನುವಾರ ಹೋದಾಗ ಹೇಮವ್ವ ಹಣೆಗೆ ಬಟ್ಟೆ ಬಿಗಿದು ಮಲಗಿದ್ದಳು.

"ಅಕ್ಕಾ, ತಲಿ ನೋಯ್ತತೇನು?"

"ಎರಡು ದಿನಾ ಆತು. ಬಿಸಲಿಗೆ ಆಗಿರಬೇಕು."

"ನಾಳೆ ಹಾವೇರಿಗೆ ಹೋಗಿ ತೋರಿಸಿಕೊಂಡು ಬರೋಣು. ಸುಮ್ನ, ಒಂದು ಸಲ."

ಹೇಮವ್ವ ನಕ್ಕಳು. "ನೀನ ಏನೂ ಇಲ್ಲ ಅಂದಿ, ಈಗ ನೀನ ಹೋಗೋಣು ಅಂತಿ. ನಿಮ್ಮ ದವಾಖಾನಿ ಬಿಟ್ಟು ಹಾವೇರಿಗೆ ಯಾಕ?"

ಅಷ್ಟರಲ್ಲಿ ಮುತ್ತವ್ವ ಒಳಗಿಂದ, "ನಾಳೆ ಅಮಾಸಿ. ತುಂಬಿದ ಬಸರಿನ್ನ ಅಮಾಸಿ ದಿನಾ ಊರು ದಾಟಸ್ತಾರೇನು? ಮಂಗಳವಾರ ನೋಡೋಣು" ಎಂದಳು.

ಇಲ್ಲ, ಈಗಲೇ ಹೋಗಬೇಕು ಅನ್ನಬಹುದಿತ್ತು. ಬಿಳಿ ಕೋಟಿನವಳ ಮಾತನ್ನು ಆ ಮನೆಯಲ್ಲಿ ಯಾರೂ ಮೀರುತ್ತಿರಲಿಲ್ಲ. ಆದರೆ ಅಮಾವಾಸ್ಯೆ ಅಂದ ಕೂಡಲೇ ಅವಳೊಳಗೆ ಎಲ್ಲೋ ಒಂದು ಕಡೆ ಹಗುರಾಯಿತು. "ಆತು, ಮಂಗಳವಾರ" ಅಂದಳು. ಸೋಮವಾರ ರಜೆ ಹೇಳಿ ಊರಲ್ಲೇ ಉಳಿದಳು.

ಅಮಾವಾಸ್ಯೆಯ ಮಧ್ಯಾಹ್ನ ಎಡೆ ಹಿಡಿದು ಎಲ್ಲರೂ ಉಣ್ಣಲು ಕೂತಾಗ ಹೇಮವ್ವ ಕಣ್ಣು ಕಾಣುತ್ತಿಲ್ಲ ಅಂದಳು. ಅನ್ನುತ್ತಲೇ ಗೋಡೆಗೆ ಒರಗಿದಳು, ಹಲ್ಲು ಕಚ್ಚಿದವು, ಮೈಯೆಲ್ಲ ಸೆಟೆದು ಜಗ್ಗತೊಡಗಿತು. ಯಾರೋ ಕೀಲಿಕೈ ತಂದು ಅವಳ ಮುಷ್ಟಿಗೆ ತುರುಕಿದರು. ಯಾರೋ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ಓಣಿಯೇ ಬಾಗಿಲಲ್ಲಿ ನಿಂತು, "ಭುವನಾ, ಸೂಜಿ ಮಾಡವ್ವಾ! ಏನು ನೋಡ್ಕೋತ ನಿಂತಿ, ಸೂಜಿ ಮಾಡು!" ಎಂದು ಕೂಗಿತು. ಭುವನಾಳ ಕೈಯಲ್ಲಿ ಏನೂ ಇರಲಿಲ್ಲ, ತಲೆಯಲ್ಲಿಯೂ ಏನೂ ಇರಲಿಲ್ಲ. ಅಕ್ಕನ ತಲೆ ಗೋಡೆಗೆ ಬಡಿಯದಂತೆ ತೊಡೆಯ ಮೇಲೆ ಹಿಡಿದುಕೊಂಡು, "ಗಾಡಿ ತರ್ರಿ, ಗಾಡಿ ತರ್ರಿ" ಎಂದಷ್ಟೇ ಕಿರುಚಿದಳು.

ಮೆಣಸಿನಕಾಯಿ ಚೀಲ ಸಾಗಿಸುವ ಟೆಂಪೋದಲ್ಲಿ ಹಾಕಿಕೊಂಡು ಹಾವೇರಿ ಮುಟ್ಟಿಸಿದರು. ದಾರಿಯಲ್ಲಿ ಇನ್ನೊಮ್ಮೆ ಜಗ್ಗಿತು. ಆಸ್ಪತ್ರೆಯವರು ಹೇಮವ್ವನನ್ನು ಉಳಿಸಿದರು. ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಗಂಡುಕೂಸು.

ಹಸಿರು ಬಟ್ಟೆಯ ಡಾಕ್ಟರು ಹೊರಗೆ ಬಂದಾಗ ಉಚ್ಚಂಗೆವ್ವ ಅವರ ಕಾಲಿಗೆ ಬಿದ್ದು, ಸೊಸೆಯ ತಂಗಿ ನರ್ಸ್ ಇದ್ದಾಳೆ, ಅವಳೇ ನೋಡಿ ಏನೂ ಇಲ್ಲ ಅಂದಿದ್ದಳು, ಹೀಗೆ ಯಾಕಾಯಿತು ಎಂದು ಅತ್ತಳು. ಡಾಕ್ಟರು ಭುವನಾಳನ್ನು ಹುಡುಕಿ ನೋಡಿದರು.

"ಏನು ಸಿಸ್ಟರ್, ಇಷ್ಟು ಬಾವು ಇದ್ದಾಗ ಬಿಪಿ ನೋಡಬೇಕು ಅಂತ ನಿಮಗೆ ಗೊತ್ತಾಗಲಿಲ್ಲವಾ? ಓದಿದವರೇ ಹೀಗೆ ಮಾಡಿದರೆ ಹೇಗೆ?"

ಜೀವಮಾನದಲ್ಲಿ ಮೊದಲ ಸಲ ಒಬ್ಬ ಡಾಕ್ಟರು ಅವಳನ್ನು ಸಿಸ್ಟರ್ ಎಂದು ಕರೆದಿದ್ದರು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಆ ಒಂದು ಶಬ್ದಕ್ಕೆ ಅವಳ ಎದೆಯಲ್ಲಿ, ಅಷ್ಟೆಲ್ಲದರ ನಡುವೆಯೂ, ಸಣ್ಣದೊಂದು ಹಿಗ್ಗು ಎದ್ದಿತು. ಮರುಕ್ಷಣ ಅವಳಿಗೆ ತನ್ನ ಮೇಲೆಯೇ ಹೇಸಿಕೆ ಬಂದು, ಕಾರಿಡಾರಿನ ಮೂಲೆಗೆ ಹೋಗಿ ವಾಂತಿ ಮಾಡಿಕೊಂಡಳು. ಅದನ್ನು ಒರೆಸಲು ಬಂದ ಆಯಾ, "ಇರ್ಲಿ ಬಿಡ್ರಿ ಸಿಸ್ಟರ್" ಅಂದಳು.

ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳೇನೋ. "ಮನಿಯಾಗ ನರ್ಸ್ ಇದ್ದೂ ಹಿಂಗಾತಂದ್ರ ನಮ್ಮ ಹಣೇಬರಾ ಅಷ್ಟು ಗಟ್ಟಿ" ಎಂದಳು ಉಚ್ಚಂಗೆವ್ವ. ಗುಡದಪ್ಪ ಕೂಸನ್ನು ಕಟ್ಟಿದ ಬಿಳಿ ಬಟ್ಟೆಯ ಗಂಟನ್ನು ಮಣ್ಣು ಮಾಡಿ ಬಂದು, ಕೈ ತೊಳೆದುಕೊಂಡು, "ಕೊನೀತನಕಾ ನೀ ಆಕಿ ತಲಿ ಹಿಡಕೊಂಡಿದ್ದಿ ತಂಗಿ. ನೀ ಇರಲಿಕ್ಕಂದ್ರ ಇಬ್ಬರೂ ಹೋಗತಿದ್ರು" ಅಂದ. ನಾಗಪ್ಪನಂತೂ ಮಗಳ ಮುಖ ನೋಡಿ, "ನೀ ಊಟಾ ಬಿಡಬ್ಯಾಡವ್ವಾ, ಪರೀಕ್ಷಾ ಹತ್ರ ಬಂದಿರಬೇಕಲ್ಲ" ಎಂದ.

ಹೇಮವ್ವನನ್ನು ಮನೆಗೆ ತಂದ ಮೇಲೆ ಅವಳಿಗೆ ಹಾಲು ಬಂತು. ಕುಡಿಯುವವರಿಲ್ಲದ ಹಾಲು. ಎದೆ ಕಲ್ಲಾಗಿ, ಮುಟ್ಟಿದರೆ ಚೀರುತ್ತಿದ್ದಳು. ಮಲ್ಲಿಗೆ ಹೂವಿಟ್ಟು ಬಿಗಿಯಾಗಿ ಬಟ್ಟೆ ಕಟ್ಟಿದರೆ ಹಾಲು ಬತ್ತುತ್ತದೆಂದು ಹಿರಿಯರು ಹೇಳಿದರು. ಕಟ್ಟುವ ಕೆಲಸ ಭುವನಾಳಿಗೇ ಬಂತು, ಅವಳು ನರ್ಸ್ ಅಲ್ಲವೇ. ಕೋಣೆಯ ಬಾಗಿಲು ಹಾಕಿ ಅಕ್ಕನನ್ನು ಕೂಡಿಸಿ, ಹೂವಿನ ದಂಡೆ ಇಟ್ಟು, ಹಳೆಯ ಧೋತರದ ಬಟ್ಟೆಯನ್ನು ಬೆನ್ನಿನ ಸುತ್ತ ತಂದಳು. ಹೂವು ಇಟ್ಟಲ್ಲೇ ಒದ್ದೆಯಾದವು. ಹೊರಗೆ ಕಟ್ಟೆಯ ಮೇಲೆ ಮುತ್ತವ್ವ ಯಾರಿಗೋ, "ನಮ್ಮ ಭುವನಾ ಬಂದು ಕುಂತಾಳಲ್ಲ, ಇನ್ನ ಚಿಂತಿಲ್ಲ" ಎನ್ನುವುದು ಕೇಳಿಸಿತು.

"ಅಕ್ಕಾ" ಅಂದಳು ಭುವನಾ. "ನನಗ ಸೀಟು ಸಿಕ್ಕಿಲ್ಲ. ಆ ಸಲಾನೂ ಸಿಕ್ಕಿರಲಿಲ್ಲ. ನಾ ಅಲ್ಲೆ ನೆಲಾ ಒರಸ್ತೇನಿ."

ಹೇಮವ್ವ ತಂಗಿಯ ಕಡೆ ತಿರುಗಿದಳು.

"ಕುಬುಸದ ದಿನಾನೂ?"

"ಹೂಂ."

"ನಿನಗ ಗೊತ್ತಿರಲಿಲ್ಲ?"

"ಸಂಶಯ ಇತ್ತು. ಎಲ್ಲಾರೂ ರಾಣೆಬೆನ್ನೂರಿಗೆ ಬಂದಗಿಂದೀರಿ ಅಂತ ಹೆದರಿ ಹಂಗಂದೆ."

ಹೇಮವ್ವ ಅಳಲಿಲ್ಲ, ಕೈ ಎತ್ತಲಿಲ್ಲ. ಬಾವು ಇಳಿದ ಅವಳ ಕೈಯಲ್ಲಿ ಆ ದೊಡ್ಡ ಬಳೆಗಳು ಮೊಳಕೈವರೆಗೆ ಜಾರುತ್ತಿದ್ದವು. ಮೆತ್ತಗೆ, ಸಣ್ಣವರಿದ್ದಾಗ ಒಂದೇ ಕೌದಿಯಲ್ಲಿ ಮಲಗಿ ಗುಟ್ಟು ಮಾತಾಡುತ್ತಿದ್ದ ದನಿಯಲ್ಲೇ ಹೇಳಿದಳು.

"ನನಗೊಬ್ಬಾಕಿಗೆ ಹೇಳಬೇಕಿತ್ತಲ್ಲಲೇ ಭುವಿ. ನಾ ಯಾರ ಮುಂದ ಹೇಳತಿದ್ದೆ?"

ಆಮೇಲೆ ಗೋಡೆಯ ಕಡೆ ತಿರುಗಿದಳು. ಗಂಟು ಹಾಕುವುದು ಇನ್ನೂ ಉಳಿದಿತ್ತು. ಭುವನಾ ಬಟ್ಟೆಯ ಎರಡೂ ತುದಿಗಳನ್ನು ಹಿಡಿದುಕೊಂಡು ಅಕ್ಕನ ಬೆನ್ನ ಹಿಂದೆ ನಿಂತೇ ಇದ್ದಳು.